ಹೊಸ ರೀಲು ಕ್ಯಾಮೆರಾ ಈಗ ಯಾರಿಗೆ ಬೇಕು?

ರೀಲು ಅಂದರೆ ಈಗಿನ ಹುಡುಗರಿಗೆ ಇನ್‌ಸ್ಟಾಗ್ರಾಂ ನೆನಪಾಗುತ್ತದೆ. ನಾವು ಹೇಳಹೊರಟಿರುವುದು ಹಳೇ ರೀಲಿನ ವಿಷಯ. ಸಣ್ಣ ಡಬ್ಬಿಯಲ್ಲಿ ಬರುತ್ತಿತ್ತಲ್ಲ, 36 ಫೋಟೊ ಮುಗಿಯುವ ತನಕ ತೊಳೆಸದೆ ಕಾಯಬೇಕಿತ್ತಲ್ಲ, ಅದು.

ಆ ರೀಲು ಹಾಕುವ ಹೊಚ್ಚ ಹೊಸ ಕ್ಯಾಮೆರಾವನ್ನು ಜಪಾನಿನ ರಿಕೋ ಕಂಪನಿ 2024ರ ಜೂನ್‌ನಲ್ಲಿ ಹೊರತಂದಿತು. ಹೆಸರು ಪೆಂಟಾಕ್ಸ್ 17. ಆಗ ಅಮೆರಿಕದಲ್ಲಿ ಅದರ ಬೆಲೆ ಸುಮಾರು 500 ಡಾಲರ್ ಇತ್ತು. ನಮ್ಮ ದುಡ್ಡಲ್ಲಿ 40 ಸಾವಿರ ರೂಪಾಯಿ ದಾಟುತ್ತದೆ. ಎಲ್ಲರ ಜೇಬಲ್ಲೂ ಫೋನು ಇರುವಾಗ ಇವರಿಗೇನು ಬೇರೆ ಕೆಲಸ ಇಲ್ಲವೇ ಎಂದು ನೀವು ಕೇಳಬಹುದು. ನಮ್ಮಲ್ಲೂ ಮೊದಲು ಎದ್ದ ಪ್ರಶ್ನೆ ಅದೇ.

ಲೆಕ್ಕ ನೋಡಿದರೆ ಈ ದಂಧೆ ಮುಗಿದ ಹಾಗೇ ಇತ್ತು. ರೀಲಿಗೆ ಇನ್ನೊಂದು ಹೆಸರೇ ಆಗಿದ್ದ ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಕ್ಯಾನನ್ ತನ್ನ ಕೊನೆಯ ರೀಲು ಕ್ಯಾಮೆರಾದ ಮಾರಾಟವನ್ನು 2018ರಲ್ಲಿ ನಿಲ್ಲಿಸಿತು. ನಿಕಾನ್ ಎಫ್6 ಅನ್ನು 2020ರಲ್ಲಿ ಕೈಬಿಟ್ಟಿತು. ಇದರ ನಡುವೆ ನಗರದ ಹುಡುಗ ಹುಡುಗಿಯರು ಮಾತ್ರ ಅಜ್ಜನ ಕಾಲದ ಕ್ಯಾಮೆರಾ ಹುಡುಕಿ ಕೊಳ್ಳತೊಡಗಿದರು. ಹಳೆಯವು ಒಂದೊಂದಾಗಿ ಕೆಡುತ್ತಿವೆ. ರಿಪೇರಿ ಬಲ್ಲವರಿಗೂ ವಯಸ್ಸಾಗುತ್ತಿದೆ. ಹೊಸದನ್ನು ಯಾರೂ ಮಾಡದಿದ್ದರೆ ಇವತ್ತಲ್ಲ ನಾಳೆ ರೀಲು ಹಾಕಲು ಕ್ಯಾಮೆರಾವೇ ಇರುವುದಿಲ್ಲ.

ಈ ಪೆಂಟಾಕ್ಸ್ ದೊಡ್ಡ ಜಾದೂ ಏನಲ್ಲ. ಒಂದು ಫೋಟೊದ ಜಾಗದಲ್ಲಿ ಎರಡು ತೆಗೆಯುತ್ತದೆ. ಅಂದರೆ 36ರ ರೀಲಿನಲ್ಲಿ 72. ಪ್ರತಿ ಚೌಕಟ್ಟು 17 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಹೆಸರಿನ 17 ಬಂದದ್ದು ಅಲ್ಲಿಂದ. ಕ್ಯಾಮೆರಾವನ್ನು ನೇರ ಹಿಡಿದರೆ ಫೋನಿನ ಹಾಗೆ ಉದ್ದನೆಯ ಫೋಟೊ ಬರುತ್ತದೆ. ಫೋಕಸ್ ತಾನಾಗಿ ಕೂರುವುದಿಲ್ಲ, ದೂರವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡಿ ಆರು ಗುರುತುಗಳಲ್ಲಿ ಒಂದಕ್ಕೆ ತಿರುಗಿಸಬೇಕು. ಒಂದು ಫೋಟೊ ಆದ ಮೇಲೆ ಹೆಬ್ಬೆರಳಿನಿಂದ ಲಿವರ್ ಎಳೆದು ರೀಲು ಮುಂದೆ ಸರಿಸಬೇಕು.

ಆ ಲಿವರ್‌ನಲ್ಲೇ ವಿಷಯ ಇರುವುದು. 2022ರ ಡಿಸೆಂಬರ್‌ನಲ್ಲಿ ಈ ಯೋಜನೆ ಪ್ರಕಟಿಸಿದಾಗ ಕಂಪನಿ ಒಂದು ಮಾತು ಹೇಳಿತ್ತು. ರೀಲು ಕ್ಯಾಮೆರಾ ಮಾಡಿದ ಅನುಭವ ಇರುವ ಹಿರಿಯ ಎಂಜಿನಿಯರುಗಳ, ನಿವೃತ್ತರಾದವರ ತಿಳಿವಳಿಕೆಯನ್ನು ಈಗಿನವರಿಗೆ ದಾಟಿಸುವುದೂ ಇದರ ಉದ್ದೇಶ ಎಂದು. ದೊಡ್ಡ ಕಂಪನಿ, ಹಳೆಯ ಹೆಸರು. ಆದರೂ ಮನೆ ಸೇರಿದ ಹಿರಿಯರನ್ನು ಕರೆದು ಕೇಳಬೇಕಾಯಿತು.

ಇದು ನಮ್ಮ ಊರುಗಳಿಗೆ ಹೊಸ ಕತೆಯಲ್ಲ. ಕೂರಿಗೆ ಮಾಡುವ ಬಡಗಿಯ ಮನೆಗೆ ಹೋಗಿ ನೋಡಿ. ಮಗ ಬೆಂಗಳೂರು ಸೇರಿರುತ್ತಾನೆ. ಉಳಿ, ಬಾಚಿ ಅಟ್ಟದ ಮೇಲಿರುತ್ತವೆ. ತಾಳು ಎಷ್ಟು ಓರೆ ಇರಬೇಕು, ಯಾವ ಮರ ನೀರಿಗೆ ಸೀಳುವುದಿಲ್ಲ ಎಂಬುದು ಆ ಹಿರಿಯನ ಕೈಯಲ್ಲಿದೆ, ಕಾಗದದಲ್ಲಿಲ್ಲ. ನಾಟಿ ಬೀಜವೂ ಹಾಗೆಯೇ. ಎರಡು ವರ್ಷ ಬಿತ್ತದೆ ಬಿಟ್ಟರೆ ಮೂರನೇ ವರ್ಷ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಕಸುಬು ಕೂಡ ಆಗಾಗ ಬಿತ್ತಿ ಉಳಿಸಿಕೊಳ್ಳಬೇಕಾದ ಬೀಜ.

ಬಿತ್ತದೆ ಬಿಟ್ಟರೆ ಏನಾಗುತ್ತದೆ ಎಂದು ನೋಡಲು ಜಪಾನಿಗೆ ಹೋಗಬೇಕಿಲ್ಲ. ಗುಂಡ್ಲುಪೇಟೆ, ಬಂಡೀಪುರ ದಾಟಿ ಗೂಡಲೂರಿನ ಮೇಲೆ ಊಟಿಗೆ ಹೋದವರು ಎಚ್‌ಪಿಎಫ್ ಎಂಬ ಹೆಸರು ಕೇಳಿರುತ್ತೀರಿ. ಹಿಂದೂಸ್ತಾನ್ ಫೋಟೊ ಫಿಲ್ಮ್ಸ್. 1960ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಕಾರ್ಖಾನೆ. 1967ರಿಂದ ಅಲ್ಲಿ ‘ಇಂದು’ ಹೆಸರಿನ ರೀಲು, ಎಕ್ಸ್‌ರೇ ಹಾಳೆ ತಯಾರಾದವು. ಪೂರ್ತಿ ಕತ್ತಲಲ್ಲಿ, ದೂಳು ಸೋಕದಂತೆ ರಾಸಾಯನಿಕ ಲೇಪಿಸುವ ಕೆಲಸ ಅದು. ಹಾಗೆ ಕೈ ಪಳಗಿದ ಕಾರ್ಮಿಕರು ಆ ಬೆಟ್ಟದ ಮೇಲಿದ್ದರು. ಕಾರ್ಖಾನೆ ನಷ್ಟಕ್ಕೆ ಬಿತ್ತು, ಮುಚ್ಚಿತು. ಈಗ ಭಾರತದಲ್ಲಿ ರೀಲು ಬೇಕೆಂದವರು ಹೊರದೇಶದ ಸರಕಿಗೆ ಅವರು ಹೇಳಿದ ಬೆಲೆ ಕೊಡಬೇಕು.

‘ರೀಲು ಹೋದರೆ ನಮಗೇನು ನಷ್ಟ?’ ಎಂದರೆ, ಅದಕ್ಕೆ ನಮ್ಮ ಕೆಲಸದಿಂದಲೇ ಉತ್ತರ ಹೇಳಬೇಕು. ನಾವು ಜಿಲ್ಲೆಯಲ್ಲಿ ಬಿಡಿ ಸುದ್ದಿಗೆ ಇಷ್ಟು ಎಂದು ದುಡಿಯುವ ವರದಿಗಾರರು. ಯಾವುದೋ ಊರಲ್ಲಿ ರೈತರೊಬ್ಬರು ತೀರಿಕೊಂಡರೆ ಡೆಸ್ಕಿನವರು ಕೇಳುವುದು ಎರಡೇ: ವಯಸ್ಸು ಎಷ್ಟು, ಫೋಟೊ ಕಳಿಸಿ. ಆಗ ಆ ಮನೆಯ ಬಾಗಿಲಲ್ಲಿ ನಿಲ್ಲುವವರು ನಾವು. ಮಗನ ಫೋನು ಕಳೆದ ವರ್ಷ ನೀರಿಗೆ ಬಿದ್ದಿರುತ್ತದೆ. ಅಳಿಯನ ಫೋನಿನಲ್ಲಿ ಗುಂಪು ಫೋಟೊ ಇರುತ್ತದೆ, ಹತ್ತು ಕಡೆ ಫಾರ್ವರ್ಡ್ ಆಗಿ ಮುಖವೇ ಕಲಸಿರುತ್ತದೆ. ಕೊನೆಗೆ ಆಧಾರ್ ಕಾರ್ಡಿನ ಮುಖವನ್ನೇ ಕತ್ತರಿಸಿ ಶ್ರದ್ಧಾಂಜಲಿ ಫ್ಲೆಕ್ಸಿಗೂ ಹಾಕುತ್ತಾರೆ. ಅದೇ ಮನೆಯ ಗೋಡೆಯಲ್ಲಿ ಅವರ ಅಪ್ಪ ಅವ್ವನ ಮದುವೆ ಫೋಟೊ ಇರುತ್ತದೆ, ಒಂದೊಂದು ರೆಪ್ಪೆ ಎಣಿಸುವಷ್ಟು ಸ್ಪಷ್ಟ.

ಸಾವಿರಾರು ಫೋಟೊ ತೆಗೆದವರ ಮನೆಯಲ್ಲಿ ಒಂದು ಮುಖ ಸಿಗುವುದಿಲ್ಲ. ರೀಲಿನ ಕಾಲದಲ್ಲಿ ಫೋಟೊ ಕಮ್ಮಿ, ಆದರೆ ಅದು ವಸ್ತುವಾಗಿತ್ತು. ನೆಗೆಟಿವ್ ಅನ್ನು ಬೆಳಕಿಗೆ ಹಿಡಿದರೆ ಸಾಕು, ಯಾವ ಪಾಸ್‌ವರ್ಡೂ ಬೇಡ, ಚಾರ್ಜೂ ಬೇಡ.

ಹಾಗೆಂದು ಫೋನನ್ನು ಹಳಿಯಲು ನಾವು ತಯಾರಿಲ್ಲ. ಹೊಂಡ ಬಿದ್ದ ರಸ್ತೆ, ಬೀಗ ಹಾಕಿದ ಆಸ್ಪತ್ರೆ, ತೂಕದಲ್ಲಿ ಮೋಸ, ಎಲ್ಲದರ ಫೋಟೊ ಅರ್ಧ ಗಂಟೆಯಲ್ಲಿ ಕಚೇರಿ ಮುಟ್ಟುವುದು ಫೋನಿನಿಂದಲೇ. ಹಿಂದೆ ಹಿರಿಯ ವರದಿಗಾರರು ರೀಲನ್ನು ಕವರಿಗೆ ಹಾಕಿ ಕೆಂಪು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದರು. ಆ ಕಷ್ಟ ಮತ್ತೆ ಯಾರಿಗೂ ಬೇಡ. ನೆಗೆಟಿವ್ ಕೂಡ ಅಮರ ಅಲ್ಲ, ಮಳೆಗಾಲದಲ್ಲಿ ಅದಕ್ಕೂ ಬೂಸ್ಟು ಹಿಡಿಯುತ್ತದೆ.

ಆದ್ದರಿಂದ ನಮ್ಮ ಮಾತು ಇಷ್ಟು. ಹೊಸ ರೀಲು ಕ್ಯಾಮೆರಾ ಮಾಡುವುದು ತಪ್ಪಲ್ಲ, ಮಾಡಬೇಕು. ಆದರೆ 40 ಸಾವಿರದ ಆಟಿಕೆಯಾಗಿ ಅಲ್ಲ. ಪೆಂಟಾಕ್ಸ್ 17ಕ್ಕೆ ಬ್ಯಾಟರಿ ಇಲ್ಲದಿದ್ದರೆ ಕೆಲಸವಿಲ್ಲ. ಮುಂದಿನದು ಬ್ಯಾಟರಿ ಇಲ್ಲದೆಯೂ ನಡೆಯಲಿ. ಬಿಡಿಭಾಗ ಸಿಗಲಿ, ತಾಲ್ಲೂಕಿನ ಮೆಕ್ಯಾನಿಕ್ ಬಿಚ್ಚಿ ಜೋಡಿಸುವಂತಿರಲಿ. ಬೆಲೆ ಇಳಿಯಲಿ. 1959ರಲ್ಲಿ ಒಲಿಂಪಸ್ ಕಂಪನಿಯ ಯೊಶಿಹಿಸಾ ಮೈತಾನಿ ಇದೇ ಅರ್ಧ ಚೌಕಟ್ಟಿನ ‘ಪೆನ್’ ಕ್ಯಾಮೆರಾ ಮಾಡಿದಾಗ ಇಟ್ಟುಕೊಂಡ ಗುರಿಯೇ ಅಗ್ಗದ ಬೆಲೆ. ಒಂದೇ ರೀಲಲ್ಲಿ ಎರಡರಷ್ಟು ಫೋಟೊ ಎಂದರೆ ಬಡವರ ಉಳಿತಾಯ. ಅದೇ ಉಪಾಯ ಈಗ ದುಬಾರಿ ಅಂಗಡಿ ಸೇರಿದೆ.

ಕಂಪನಿಗಳ ಕೆಲಸ ಕಂಪನಿಗಳಿಗೆ. ನಿಮ್ಮ ಕೈಯಲ್ಲೂ ಒಂದು ಕೆಲಸ ಇದೆ. ನಿಮ್ಮ ಊರಿನ ಹಳೇ ಸ್ಟುಡಿಯೊದವರು ಅಂಗಡಿ ಖಾಲಿ ಮಾಡುವಾಗ ಡಬ್ಬಿಗಟ್ಟಲೆ ನೆಗೆಟಿವ್ ಗುಜರಿಗೆ ಹೋಗುತ್ತವೆ. ಅದಕ್ಕೂ ಮೊದಲು ಹೋಗಿ ಕೇಳಿ, ನಿಮ್ಮ ಮನೆಯವರದಿದ್ದರೆ ತಂದು ಒಣ ಜಾಗದಲ್ಲಿ ಇಡಿ. ಈಗ ಫೋನಿನಲ್ಲಿರುವ ಅಪ್ಪ ಅವ್ವನ ಒಂದು ಒಳ್ಳೆಯ ಫೋಟೊ ಆರಿಸಿ ಪ್ರಿಂಟ್ ಹಾಕಿಸಿ. ಹಿಂದೆ ಹೆಸರು, ಊರು, ತಾರೀಕು ಬರೆಯಿರಿ. ಅವರು ಎದುರಿಗೆ ಇರುವಾಗಲೇ ಆ ಕೆಲಸ ಮುಗಿಯಲಿ.