ಒಣಗಿದ ಎಲೆಗಳ ಸದ್ದು

ಹತ್ತನೆಯ ತರಗತಿಯ ಮಗುವಿರುವ ಮನೆಯಲ್ಲಿ ಪರೀಕ್ಷೆ ಸಮೀಪಿಸಿದಂತೆ ಗಾಳಿಯೇ ಬದಲಾಗುವುದನ್ನು ನೀವು ಬಲ್ಲಿರಿ. ಟಿ.ವಿ. ಮೂಕವಾಗುತ್ತದೆ, ಬಂದ ನೆಂಟರು ಪಿಸುದನಿಯಲ್ಲಿ ಮಾತನಾಡುತ್ತಾರೆ, ಸಂಜೆಯ ಜಪಸರ ಪ್ರಾರ್ಥನೆಯೂ ತುಸು ಅವಸರದಲ್ಲೇ ಮುಗಿಯುತ್ತದೆ. ಬಿಳೇಕಹಳ್ಳಿಯ ಅಂಥದೊಂದು ಮನೆಗೆ ಕಳೆದ ವರ್ಷ ಫೆಬ್ರವರಿಯ ಮೊದಲ ಶುಕ್ರವಾರ ಹೋಗಿದ್ದೆ, ಹಾಸಿಗೆ ಹಿಡಿದಿರುವ ಅಜ್ಜಿಗೆ ಪರಮಪ್ರಸಾದ ನೀಡಲು. ಹತ್ತು ನಿಮಿಷದ ಕೆಲಸ. ಆದರೆ ಹೊರಡುವಾಗ ಊಟದ ಮೇಜಿನ ಮೇಲೆ ಭೂಗೋಳದ ಪುಸ್ತಕಗಳನ್ನು ಹರಡಿಕೊಂಡು ಕುಳಿತಿದ್ದ ಮೊಮ್ಮಗಳು ಕಣ್ಣಿಗೆ ಬಿದ್ದಳು. ಒಂದು ಕಾಲದಲ್ಲಿ ನಾನೂ ಭೂಗೋಳ ಮೇಷ್ಟರಾಗಿದ್ದವನು. ಕಾಲು ಅಲ್ಲೇ ನಿಂತಿತು. ಮುಂದಿನದನ್ನು ಆ ಕುಟುಂಬದ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅಂದು ಅವಳು ಪುನರಾವರ್ತನೆ ಮಾಡುತ್ತಿದ್ದದ್ದು ಉಷ್ಣವಲಯದ ಮಳೆಕಾಡುಗಳ ಪಾಠ. ಕಾಡಿನ ಪದರಗಳನ್ನು ಮೇಲಿಂದ ಕೆಳಕ್ಕೆ ನಿಲ್ಲದೆ ಒಪ್ಪಿಸಿದಳು: ಎಲ್ಲಕ್ಕಿಂತ ಮೇಲೆ ತಲೆ ಎತ್ತಿದ ಹೆಮ್ಮರಗಳು, ಅವುಗಳ ಕೆಳಗೆ ಬಿಸಿಲನ್ನು ಬಹುಪಾಲು ತಾನೇ ಹಿಡಿದಿಟ್ಟುಕೊಳ್ಳುವ ಹಸಿರು ಚಪ್ಪರ, ಅದರ ಕೆಳಗೆ ಕಿರುಮರಗಳು, ಕೊನೆಗೆ ನಸುಗತ್ತಲೆಯ ನೆಲ. ಇಷ್ಟು ದಟ್ಟವಾದ ಕಾಡನ್ನು ಕಡಿದರೆ ಆ ಭೂಮಿ ಕೆಲವೇ ವರ್ಷಗಳಲ್ಲಿ ಬರಡಾಗುವುದೇಕೆ ಎಂದು ಕೇಳಿದೆ. ಅದಕ್ಕೂ ಉತ್ತರ ಸಿದ್ಧವಿತ್ತು. ಸತ್ವ ಇರುವುದು ಮಣ್ಣಿನಲ್ಲಲ್ಲ, ಮರಗಳ ಮೈಯಲ್ಲಿ. ಉದುರಿದ ಎಲೆಯನ್ನು ಗೆದ್ದಲು, ಅಣಬೆ, ಸೂಕ್ಷ್ಮಜೀವಿಗಳು ಬೇಗನೆ ಕರಗಿಸುತ್ತವೆ, ಮೇಲ್ಮಣ್ಣಿನಲ್ಲೇ ಹರಡಿದ ಬೇರುಗಳು ಅದನ್ನು ಮತ್ತೆ ಹೀರಿಕೊಳ್ಳುತ್ತವೆ. ಮರ ಹೋದರೆ ಈ ಸುತ್ತು ಕಡಿದುಹೋಗಿ, ಉಳಿದ ಅಲ್ಪಸ್ವಲ್ಪ ಸತ್ವವನ್ನೂ ಮಳೆ ತೊಳೆದೊಯ್ಯುತ್ತದೆ.

“ನಮಗೆ ಹತ್ತಿರದ ಮಳೆಕಾಡು ಯಾವುದಮ್ಮಾ?” ಎಂದೆ.

ಸ್ವಲ್ಪ ಯೋಚಿಸಿ, “ಇಂಡೋನೇಷ್ಯಾದ್ದೇ ಫಾದರ್?” ಎಂದಳು.

ನಗಬಾರದೆಂದುಕೊಂಡರೂ ನಗು ಬಂತು. ರಾತ್ರಿಯ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಆಗುಂಬೆ. ಅದು ಸೂರ್ಯಾಸ್ತ ನೋಡುವ ಜಾಗವೆಂದು ಅವಳು ಬಲ್ಲಳು. ಶಂಕರ್ ನಾಗ್ ಅವರು ‘ಮಾಲ್ಗುಡಿ ಡೇಸ್’ ಚಿತ್ರಿಸಿದ ಊರೆಂದು ಅವಳ ತಂದೆ ಬಲ್ಲರು. ಬೆಂಗಳೂರಿನಲ್ಲಿ ವರ್ಷಕ್ಕೆ ಒಂದು ಸಾವಿರ ಮಿಲಿಮೀಟರಿನ ಆಸುಪಾಸು ಮಳೆಯಾದರೆ ಅಲ್ಲಿ ಏಳು ಸಾವಿರ ದಾಟುತ್ತದೆ. ಆಕೆಯ ಪುಸ್ತಕದಲ್ಲಿ ಉದಾಹರಣೆಯಾಗಿದ್ದ ಅಮೆಜಾನ್ ತೀರದ ಮನೌಸ್ ನಗರದ ಮಳೆಗಿಂತ ಇದು ಸುಮಾರು ಮೂರು ಪಟ್ಟು. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟಗಳು ನಮ್ಮ ರಾಜ್ಯದ ಉದ್ದಕ್ಕೂ ಹಬ್ಬಿವೆ. ಮಗುವನ್ನು ದೂರಿ ಪ್ರಯೋಜನವಿಲ್ಲ. ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ‘ಲೌದಾತೊ ಸಿ’ ವಿಶ್ವಪತ್ರವನ್ನು ಹೊರಡಿಸಿದಾಗ ನಾನು ಪೀಠದ ಮುಂದೆ ನಿಂತು ಅಮೆಜಾನ್ ಮತ್ತು ಕಾಂಗೊ ಕಾಡುಗಳ ಬಗ್ಗೆ ಉಪದೇಶಿಸಿದೆ. 2019ರ ಅಕ್ಟೋಬರಿನಲ್ಲಿ ರೋಮ್‌ನಲ್ಲಿ ಅಮೆಜಾನ್ ಕುರಿತ ಧರ್ಮಸಭೆಯ ಸಿನೊಡ್ ನಡೆದಾಗ ಇನ್ನೊಮ್ಮೆ ಉಪದೇಶಿಸಿದೆ. ಎರಡು ಸಲವೂ ಆಗುಂಬೆಯ ಹೆಸರೆತ್ತಲಿಲ್ಲ. ಎತ್ತದಿರಲು ನನಗೊಂದು ಕಾರಣವೂ ಇತ್ತು.

ಆ ಕಾರಣ ನೆನಪಾದದ್ದು ಪುಸ್ತಕದ ಎರಡನೆಯ ಭಾಗಕ್ಕೆ, ಅಂದರೆ ಕ್ಷೇತ್ರಾಧ್ಯಯನಕ್ಕೆ ಬಂದಾಗ. ಆಕೆಯ ಶಾಲೆಯಲ್ಲಿ ಮಕ್ಕಳೇ ಒಂದು ಪ್ರಶ್ನೆ ಎತ್ತಿಕೊಂಡು, ಉತ್ತರ ಹೀಗಿರಬಹುದೆಂದು ಊಹಿಸಿ, ಹೊರಗೆ ಹೋಗಿ ಅಳೆದು, ನಕ್ಷೆ ಬರೆದು, ತೀರ್ಮಾನ ಹೇಳಬೇಕು. ಕೊನೆಯಲ್ಲಿ ತಮ್ಮ ಅಧ್ಯಯನದಲ್ಲಿ ಎಲ್ಲೆಲ್ಲಿ ಕೊರತೆಯಿತ್ತು ಎಂಬುದನ್ನೂ ತಾವೇ ಬರೆಯಬೇಕು. ರಾತ್ರಿ ಮಲಗುವ ಮುನ್ನ ನಾವು ಮಾಡುವ ಆತ್ಮಶೋಧನೆಗೆ ಬಹಳ ಹತ್ತಿರದ ಕ್ರಮವಿದು. ಅವಳ ಪ್ರಶ್ನೆ ಸರಳವಾಗಿತ್ತು: ಬಿಳೇಕಹಳ್ಳಿಯಲ್ಲಿ ಮರದ ನೆರಳಿನ ಜಾಗ ಬಯಲಿನ ಜಾಗಕ್ಕಿಂತ ಎಷ್ಟು ತಂಪು? ಬನ್ನೇರುಘಟ್ಟ ರಸ್ತೆಯಲ್ಲಿ ಮೆಟ್ರೊ ಕಂಬಗಳ ಬದಿಯ ಬಯಲು, ಐ.ಐ.ಎಂ. ಗೋಡೆಯಾಚೆಯಿಂದ ಚಾಚಿದ ಕೊಂಬೆಗಳ ಕೆಳಗಿನ ಕಾಲುದಾರಿ, ಒಳಬಡಾವಣೆಯ ಉದ್ಯಾನ ಎಂದು ಎಂಟು ಸ್ಥಳಗಳಲ್ಲಿ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಉಷ್ಣತಾಮಾಪಕ ಹಿಡಿದು ನಿಂತಿದ್ದಳು. ಬಯಲಿನಲ್ಲಿ 33 ಡಿಗ್ರಿ, ನೆರಳಿನಲ್ಲಿ 29ರಿಂದ 31. ಎಲ್ಲವೂ ಊಹಿಸಿದಂತೆಯೇ. ಆದರೆ ಬಸ್ ನಿಲ್ದಾಣದ ಹೊಂಗೆಮರದ ಕೆಳಗೆ ಮಾತ್ರ 34.

ಸೋಮವಾರ ವರದಿ ಒಪ್ಪಿಸಬೇಕು. ಅಂಕಣಚಿತ್ರದಲ್ಲಿ ಅದೊಂದು ಕಂಬ ಕೋಡಿನಂತೆ ಮೇಲೆದ್ದು ನಿಂತಿತ್ತು. “ಒಂದು ಅಂಕಿ ತಾನೆ ಫಾದರ್, 30 ಅಂತ ಬರೆದರೆ ಯಾರಿಗೇನು ನಷ್ಟ? ಮರದ ಕೆಳಗೆ ತಂಪು ಅನ್ನೋದು ಸುಳ್ಳೇನಲ್ಲವಲ್ಲ!” ಎಂದರು ತಂದೆ. ಒಳ್ಳೆಯ ಮನುಷ್ಯ, ಮಗಳ ಅಂಕಗಳ ಚಿಂತೆ ಅವರಿಗೆ. ಹುಡುಗಿ ಪೆನ್ಸಿಲ್ ಹಿಡಿದುಕೊಂಡೇ ನನ್ನತ್ತ ತಿರುಗಿ, “ನೀವೇನು ಹೇಳ್ತೀರಿ ಫಾದರ್?” ಎಂದಳು.

ಓದುಗರೇ, ಗುರುಗಳಾದವರು ಇಂಥ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡುತ್ತಾರೆಂದು ನೀವು ಭಾವಿಸಬಹುದು. ನನಗೆ ಬಾಯಿ ಬರಲಿಲ್ಲ.

1990ರ ದಶಕದ ಮೊದಲ ವರ್ಷಗಳಲ್ಲಿ, ಗುರುಮಠದ ತರಬೇತಿಯ ನಡುವೆ, ಮಲೆನಾಡಿನ ಒಂದು ಶಾಲೆಯಲ್ಲಿ ಒಂದು ವರ್ಷ ಪಾಠ ಹೇಳಿದೆ. ಆಗ ನಾನು ‘ಬ್ರದರ್’; ಇಪ್ಪತ್ತನಾಲ್ಕರ ಹುಮ್ಮಸ್ಸು. ಒಂಬತ್ತನೆಯ ತರಗತಿಯ ಹುಡುಗರನ್ನು ಫೆಬ್ರವರಿ ತಿಂಗಳಲ್ಲಿ ಆಗುಂಬೆಯ ಕಾಡಿಗೆ ಕರೆದೊಯ್ದೆ. ಕಂಡದ್ದನ್ನು ಬರೆದು ತನ್ನಿರಿ ಎಂದು ಎಲ್ಲರಿಗೂ ನೋಟುಪುಸ್ತಕ ಕೊಟ್ಟೆ. ಮೂವತ್ತು ಹುಡುಗರೂ ಪಠ್ಯಪುಸ್ತಕದಲ್ಲಿದ್ದುದನ್ನೇ ಬರೆದು ತಂದರು: ಮಳೆಕಾಡಿನಲ್ಲಿ ದಿನವೂ ಮಧ್ಯಾಹ್ನ ಮಳೆ ಸುರಿಯುತ್ತದೆ, ನೆಲ ಸದಾ ಒದ್ದೆಯಾಗಿರುತ್ತದೆ. ಅಂದು ಒಂದು ಹನಿಯೂ ಬಿದ್ದಿರಲಿಲ್ಲವೆಂಬುದು ಯಾರನ್ನೂ ಬಾಧಿಸಲಿಲ್ಲ, ನನ್ನನ್ನೂ ಸಹ. ಒಬ್ಬನು ಮಾತ್ರ ಬೇರೆ ಬರೆದಿದ್ದ. ಕಾಡಿನಂಚಿನ ಮನೆಯ ಹುಡುಗ, ತರಗತಿಯಲ್ಲಿ ಹಿಂದಿನ ಬೆಂಚು. ಮರದ ಮೇಲೆಲ್ಲ ಹಸಿರಿದೆ, ನೆಲ ಮಾತ್ರ ಒಣಗಿದೆ, ಕಾಲಿಟ್ಟರೆ ಎಲೆಗಳು ಹಪ್ಪಳದಂತೆ ಸದ್ದು ಮಾಡುತ್ತವೆ, ಪುಸ್ತಕದಲ್ಲಿ ಹೀಗೆ ಬರೆದಿಲ್ಲವಲ್ಲ, ಏಕೆ? ಇಷ್ಟೇ ಅವನ ವರದಿ. ಉತ್ತರ ನನಗೆ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ಧೈರ್ಯವೂ ಇರಲಿಲ್ಲ. ಕೆಂಪು ಶಾಯಿಯಲ್ಲಿ ‘ತಪ್ಪು’ ಎಂದು ಗೀಚಿ, ಪಠ್ಯಪುಸ್ತಕದ ವಾಕ್ಯವನ್ನು ಐದು ಸಲ ಬರೆಯಲು ಹೇಳಿದೆ. ಬರೆದ. ಆ ವರ್ಷ ಮುಗಿಯುವವರೆಗೆ ಅವನು ಮತ್ತೆ ನನ್ನನ್ನು ಏನೂ ಕೇಳಲಿಲ್ಲ.

ಅವನು ಕಂಡದ್ದೇ ಸರಿ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ, ಬೇರಾವುದೋ ಓದಿನ ನಡುವೆ. ಸಮಭಾಜಕದ ಕಾಡುಗಳಲ್ಲಿ ಮಳೆ ವರ್ಷದುದ್ದಕ್ಕೂ ಹಂಚಿಕೊಂಡು ಬೀಳುತ್ತದೆ. ನಮ್ಮ ಘಟ್ಟದ ನಿತ್ಯಹರಿದ್ವರ್ಣ ಕಾಡು ಮುಂಗಾರಿನ ಮಗು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಕಳಚಿಬಿದ್ದಂತೆ ಸುರಿದು, ಡಿಸೆಂಬರ್‌ನಿಂದ ಕೆಲವು ತಿಂಗಳು ಹೆಚ್ಚುಕಡಿಮೆ ಬಿಡುವು ಕೊಡುತ್ತದೆ. ಆ ಒಣ ತಿಂಗಳುಗಳಲ್ಲೇ ಮರಗಳು ಹೆಚ್ಚು ಎಲೆ ಉದುರಿಸುತ್ತವೆ. ಚಪ್ಪರ ಹಸಿರಾಗಿಯೇ ಇರುತ್ತದೆ, ಕೆಳಗಿನ ಹಾಸು ಗರಿಗರಿಯಾಗಿರುತ್ತದೆ. ಮುಂಗಾರು ಬಂದೊಡನೆ ಅದೆಲ್ಲ ಕೊಳೆತು ಬೇರುಗಳಿಗೆ ಊಟವಾಗುತ್ತದೆ. ಹದಿನಾಲ್ಕರ ಹುಡುಗ ಆ ಇಡೀ ಪಾಠದ ಬಾಗಿಲ ಬಳಿ ನಿಂತು ಬಡಿದಿದ್ದ. ನಾನು ಒಳಗಿನಿಂದ ಅಗುಳಿ ಹಾಕಿದೆ. ಆದಿಕಾಂಡದಲ್ಲಿ ದೇವರು ತಾವು ರೂಪಿಸಿದ ಜೀವಿಗಳನ್ನು ಮನುಷ್ಯನ ಬಳಿಗೆ ತಂದು, ಅವನು ಯಾವ ಹೆಸರಿಡುತ್ತಾನೋ ನೋಡುತ್ತಾರೆ. ಹೆಸರಿನ ಪಟ್ಟಿಯನ್ನು ಮೊದಲೇ ಅವನ ಕೈಗೆ ಕೊಟ್ಟಿರಲಿಲ್ಲವೆಂಬುದನ್ನು ನಾನು ಗಮನಿಸಿದ್ದು ಬಹಳ ತಡವಾಗಿ.

ಊಟದ ಮೇಜಿನ ಬಳಿ ಈ ಕಥೆಯನ್ನು ತಂದೆ ಮಗಳಿಬ್ಬರಿಗೂ ಹೇಳಿದೆ. ತಂದೆ ಏನೂ ಹೇಳಲಿಲ್ಲ, ನನಗೆ ಇನ್ನೊಂದು ಲೋಟ ಕಾಫಿ ತರಿಸಿದರು. ಹುಡುಗಿ ಪೆನ್ಸಿಲನ್ನು ಕೆಳಗಿಟ್ಟಳು. ಮರುದಿನ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಮೂವರೂ ಹೊಂಗೆಮರದ ಕೆಳಗೆ ಹೋಗಿ ನಿಂತೆವು. ಮಾಪಕ ಮತ್ತೆ 34 ತೋರಿಸಿತು. ಕಾರಣ ಮಾಪಕ ಹಿಡಿದ ಜಾಗದಿಂದ ಮೂರು ಹೆಜ್ಜೆ ಆಚೆಗಿತ್ತು: ಬೋಂಡಾ ಗಾಡಿಯ ಒಲೆ, ಅದರ ಮೇಲೆ ಕುದಿಯುತ್ತಿದ್ದ ಎಣ್ಣೆ. ಮೊದಲ ದಿನವೂ ಅದು ಅಲ್ಲೇ ಇತ್ತಂತೆ. ಮರವನ್ನಷ್ಟೇ ನೋಡುತ್ತಿದ್ದ ಅವಳಿಗೆ ಗಾಡಿ ಕಾಣಿಸಿರಲಿಲ್ಲ. ಒಲೆಯಿಂದ ಹದಿನೈದು ಹೆಜ್ಜೆ ದೂರ, ಅದೇ ಮರದ ಇನ್ನೊಂದು ಬದಿಗೆ ಹೋದಾಗ 31. ಗಾಡಿಯ ತಾಯಿ ನಮ್ಮ ಗಲಾಟೆ ನೋಡಿ ನಕ್ಕು, “ದಿನಾ ಹತ್ತು ಗಂಟೆ ಈ ಬಿಸಿಯಲ್ಲೇ ನಿಲ್ತೀನಿ ಸ್ವಾಮಿ, ಯಾರೂ ಅಳೆದಿರಲಿಲ್ಲ” ಎಂದರು. ಆ ಮಾತನ್ನು ಹುಡುಗಿ ವರದಿಯಲ್ಲಿ ಸೇರಿಸಿದಳು. 34 ಎಂಬ ಅಂಕಿಯನ್ನೂ ಹಾಗೆಯೇ ಬಿಟ್ಟು, ಕೊರತೆಗಳ ಭಾಗದಲ್ಲಿ ಅರ್ಧ ಪುಟ ವಿವರಣೆ ಬರೆದಳು. ಅಂಕ ಎಷ್ಟು ಬಂತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮಲೆನಾಡಿನ ಆ ಹುಡುಗನಿಗೆ ಈಗ ನಲವತ್ತೈದು ದಾಟಿರಬೇಕು. ಅವನ ಹೆಸರು ನೆನಪಿದೆ, ಇಲ್ಲಿ ಬರೆಯುವುದಿಲ್ಲ. ಎಲ್ಲಿದ್ದಾನೋ ತಿಳಿಯದು, ಈ ಮಾಸಿಕ ಯಾವುದಾದರೊಂದು ಮನೆಯ ಜಗಲಿಯಲ್ಲಿ ಅವನ ಕೈಗೆ ಸಿಕ್ಕೀತು ಎಂಬ ಆಸೆಯಿಂದ ಇಷ್ಟು ಬರೆದೆ. ತಮ್ಮಾ, ಆ ಫೆಬ್ರವರಿಯಲ್ಲಿ ನೆಲ ಒಣಗಿತ್ತು. ಎಲೆಗಳು ಸದ್ದು ಮಾಡುತ್ತಿದ್ದವು, ನಾನೂ ಕೇಳಿದ್ದೆ.