ಕೆಲಸ ಮುಗಿದ ಮೇಲೆ

ಧರ್ಮಕೇಂದ್ರದ ನೀರಿನ ತೊಟ್ಟಿ ಮುಗಿದಾಗ ಸಮಿತಿ ಸೇರಿತು. ಲೆಕ್ಕ ಒಪ್ಪಿಸಿದ್ದಾಯಿತು, ವಂದನಾರ್ಪಣೆಯೂ ಆಯಿತು. ಕಾರ್ಯದರ್ಶಿಯಾದ ನಾನು ಪುಸ್ತಕ ಮುಚ್ಚುವಷ್ಟರಲ್ಲಿ ಬಾಗಿಲ ಬಳಿಯಿದ್ದ ಅಜ್ಜಿಯೊಬ್ಬರು, "ನಲ್ಲಿ ನನ್ನ ಕೈಗೆ ಎಟುಕಲ್ವಲ್ಲಪ್ಪ" ಎಂದರು. ಅಳತೆ ಬರೆಸಿದವನು ನಾನೇ!

ಆಗ ನೆನಪಾದದ್ದು ನಮ್ಮ ಯಳಂದೂರಿನದೇ ಸಂಗತಿ. 1986ರಲ್ಲಿ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ಇಲ್ಲಿ ಹುಟ್ಟಿದ್ದು ಕುಷ್ಠರೋಗ ನಿವಾರಣೆಗಾಗಿ. ರೋಗ ಇಳಿದಾಗ ಅವರು ಕಡತ ಮುಚ್ಚಲಿಲ್ಲ. ಆ ಕೆಲಸದ ನಡುವೆ ಕಣ್ಣಿಗೆ ಬಿದ್ದ ಮೂರ್ಛೆರೋಗ, ಕ್ಷಯಗಳತ್ತ ಹೊರಳಿದರು. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊಣೆಯನ್ನೇ ಹೊತ್ತರು.

ನಮ್ಮದಾದರೋ ಒಂದು ನಲ್ಲಿ. ಅಜ್ಜಿಯ ಮಾತನ್ನು ಇದ್ದಂತೆಯೇ ಬರೆದುಕೊಂಡು, ಎರಡು ಮೆಟ್ಟಿಲು ಕಟ್ಟಿಸಿದೆವು. ಅವರು ನೋಡಿ, "ಹತ್ತೋಕೆ ಮಂಡಿ ಬೇಕಲ್ಲಪ್ಪ" ಎಂದರು. ಪುಸ್ತಕ ಮತ್ತೆ ತೆರೆಯಿತು. ಈ ಸಲ ನಲ್ಲಿಯನ್ನೇ ಇಳಿಸಿದೆವು. ಅಳತೆ ತೆಗೆಯುವಾಗ ಅಜ್ಜಿಯನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡೆವು.