ಆಷಾಢದ ಗಾಳಿ ಮತ್ತು ಹಾಯಿದೋಣಿ

ಆಷಾಢ ಬಂತೆಂದರೆ ಚಿಕ್ಕಬಾಣಾವರದಲ್ಲಿ ಗಾಳಿಗೆ ಬಿಡುವೆಂಬುದಿಲ್ಲ. ಪಡುವಣ ದಿಕ್ಕಿನಿಂದ ಬೀಸುವ ಈ ಗಾಳಿ ಕೆರೆಯ ಮೇಲೆ ಹಾಯ್ದು, ಏರಿಯನ್ನು ಹತ್ತಿ, ಮನೆಗಳ ತಾರಸಿಯ ಮೇಲೆ ಒಣಗಹಾಕಿದ ಬಟ್ಟೆಗಳನ್ನು ಎಳೆದಾಡುತ್ತದೆ. ಶಾಲೆ ಬಿಟ್ಟ ಹುಡುಗರು ಗಾಳಿಪಟ ಹಿಡಿದು ಓಡುತ್ತಾರೆ. ಅರ್ಧ ಪಟಗಳು ಕರೆಂಟು ತಂತಿಗೆ ಬಲಿಯಾಗುತ್ತವೆ ಎಂಬುದು ಬೇರೆ ಮಾತು. ತುಮಕೂರು ಹಾದಿಯಿಂದ ಹಾಸನದ ರೈಲುಮಾರ್ಗ ಕವಲೊಡೆಯುವುದು ಇಲ್ಲಿಯೇ. ಹಾಸನದ ಮಾರ್ಗ 2017ರಲ್ಲಿ ಪೂರ್ಣಗೊಂಡ ಮೇಲೆ ಈ ಊರು ಜಂಕ್ಷನ್ ಆಯಿತು. ರೈಲಿನ ಕಿಟಕಿಯಿಂದ ನೋಡುವವರಿಗೆ ಕೆರೆ, ಅದರ ಮೇಲೆ ಹಬ್ಬಿದ ಅಂತರಗಂಗೆ, ಆಕಾಶದಲ್ಲಿ ನಾಲ್ಕಾರು ಪಟಗಳು ಒಂದೇ ಚೌಕಟ್ಟಿನಲ್ಲಿ ಕಾಣುತ್ತವೆ.

ಪಟವನ್ನು ಮೇಲೆತ್ತುವ ಗಾಳಿ ದೋಣಿಯನ್ನೂ ನಡೆಸಬಲ್ಲದು. ಹಾಯಿ ಎಂದರೆ ಸಮುದ್ರ, ಸಮುದ್ರವೆಂದರೆ ಮಂಗಳೂರು, ಕಾರವಾರ ಎಂದು ಬಯಲುಸೀಮೆಯ ಮಕ್ಕಳು ತಿಳಿದಿರುತ್ತಾರೆ. ಆದರೆ ಹಾಯಿದೋಣಿ ಕಲಿಯಲು ಕಡಲೇ ಬೇಕೆಂದಿಲ್ಲ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ರಾಯಲ್ ಮೈಸೂರು ಸೇಲಿಂಗ್ ಕ್ಲಬ್ಬಿನ ಹಾಯಿಗಳು ಬಿಚ್ಚಿಕೊಳ್ಳುತ್ತವೆ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಮಳೆಗಾಲದಲ್ಲಿಯೇ ದೊಡ್ಡ ಸ್ಪರ್ಧೆಗಳು ನಡೆಯುತ್ತವೆ. ಚಿಕ್ಕಬಾಣಾವರಕ್ಕೆ ಹತ್ತಿರವೆಂದರೆ ಹಲಸೂರು ಕೆರೆ. ಬಸ್ಸಿನಲ್ಲಿ ಜಾಲಹಳ್ಳಿ ಕ್ರಾಸ್, ಅಲ್ಲಿಂದ ಹಸಿರು ಮಾರ್ಗದ ಮೆಟ್ರೊ, ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗ ಹಿಡಿದರೆ ಹಲಸೂರು ನಿಲ್ದಾಣ. ಮುಂದಿನದು ಕಾಲ್ನಡಿಗೆ.

ಸುಮಾರು 50 ಹೆಕ್ಟೇರಿನ ಈ ಕೆರೆ ಮೂಲದಲ್ಲಿ ಕೆಂಪೇಗೌಡರ ವಂಶದ ಕಾಲದ್ದೆಂದೂ, ಈಗಿನ ರೂಪ ಕಮಿಷನರ್ ಬೌರಿಂಗ್ ಕಾಲದ್ದೆಂದೂ ಹೇಳುತ್ತಾರೆ. ಪಕ್ಕದಲ್ಲೇ ಮದರಾಸು ಸ್ಯಾಪರ್ಸ್ ಪಡೆಯ ಕೇಂದ್ರ. 1780ರಲ್ಲಿ ಹುಟ್ಟಿದ ಈ ಪಡೆಯವರ ಹಾಯಿದೋಣಿ ಕ್ಲಬ್ಬಿಗೆ 'ತೃಷ್ಣಾ' ಎಂದು ಹೆಸರು. ಸೇನೆಯ ಎಂಜಿನಿಯರುಗಳು 1985ರಲ್ಲಿ ಹೊರಟು 1987ರಲ್ಲಿ ಹಿಂದಿರುಗಿ, ಹಾಯಿದೋಣಿಯಲ್ಲಿ ಪ್ರಪಂಚವನ್ನು ಸುತ್ತಿದ ಮೊದಲ ಭಾರತೀಯ ತಂಡವೆನಿಸಿದರಲ್ಲ, ಆ ದೋಣಿಯ ಹೆಸರೂ ಅದೇ. ಅದು 37 ಅಡಿ ಉದ್ದದ್ದು. ಆದರೆ ಯಾರೂ ಮೊದಲ ದಿನವೇ 37 ಅಡಿಯ ದೋಣಿ ಹತ್ತುವುದಿಲ್ಲ. ಕಲಿಕೆ ಶುರುವಾಗುವುದು ಕೈಗಾಡಿಯಲ್ಲಿಟ್ಟು ನೂಕಬಹುದಾದ ಪುಟ್ಟ ಡಿಂಗಿಗಳಲ್ಲಿ.

ಅವುಗಳಲ್ಲಿ ಅತಿ ಚಿಕ್ಕದು 'ಆಪ್ಟಿಮಿಸ್ಟ್'. ಅಮೆರಿಕದ ಕ್ಲಾರ್ಕ್ ಮಿಲ್ಸ್ 1947ರಲ್ಲಿ ಮಕ್ಕಳಿಗೆಂದೇ ರೂಪಿಸಿದ್ದು. ಉದ್ದ 2.36 ಮೀಟರ್, ತೂಕ 35 ಕಿಲೊ, ಮೂತಿ ಮೊಂಡು. ನೋಡಲು ಹಾಯಿ ಕಟ್ಟಿದ ಸ್ನಾನದ ತೊಟ್ಟಿಯಂತೆ! ತಂದೆ-ಮಕ್ಕಳು ಸೇರಿ ಪ್ಲೈವುಡ್ಡಿನಲ್ಲಿ ಮನೆಯಲ್ಲೇ ಮಾಡಿಕೊಳ್ಳಲೆಂದು ಹೊರಟ ನಕ್ಷೆ ಅದು. ಪೀಣ್ಯದ ನೆರೆಯಲ್ಲಿರುವವರಿಗೆ ಇದೊಂದು ದೊಡ್ಡ ಕೆಲಸವೇನಲ್ಲ.

ಇದರ ಅಣ್ಣನಂಥದು 'ಎಂಟರ್‌ಪ್ರೈಸ್'. ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ 1956ರಲ್ಲಿ ಇದನ್ನು ರೂಪಿಸಿದಾಗ ಚಳಿಗಾಲದ ರಾತ್ರಿಯಲ್ಲೇ ಎರಡು ದೋಣಿಗಳನ್ನು ಇಂಗ್ಲಿಷ್ ಕಡಲ್ಗಾಲುವೆ ದಾಟಿಸಿ ಜನರಿಗೆ ಪರಿಚಯಿಸಿದರು. ನಾಲ್ಕು ಮೀಟರಿಗಿಂತ ತುಸು ಉದ್ದ, ನೀಲಿ ಹಾಯಿ, ಇಬ್ಬರು ಸವಾರರು. ಭಾನುವಾರ ತಂದೆ ಮಗಳನ್ನು ಕೂರಿಸಿಕೊಂಡು ಸುತ್ತಾಡಬಹುದು, ಸೋಮವಾರ ಶಿಬಿರದ ಹುಡುಗರಿಗೆ ಪಾಠ ಹೇಳಬಹುದು, ಮುಂದಿನ ವಾರ ಅದೇ ದೋಣಿಯಲ್ಲಿ ಸ್ಪರ್ಧೆಗೆ ಇಳಿಯಬಹುದು. ಭಾರತದ ರಾಷ್ಟ್ರೀಯ ಸ್ಪರ್ಧೆಗಳಲ್ಲಿಯೂ ಬಹುಕಾಲ ಇದರ ಓಟ ನಡೆದಿದೆ. ಹೋಮಿ ಮೋತಿವಾಲಾ ಮತ್ತು ಪಿ.ಕೆ. ಗರ್ಗ್ ಜೋಡಿಗೆ 1994–95ರ ರಾಜೀವ್ ಗಾಂಧಿ ಖೇಲ್ ರತ್ನ ಸಂದಿದ್ದು ಹಾಯಿದೋಣಿ ಕ್ರೀಡೆಗಾಗಿ.

ದೋಣಿ ಗಾಳಿ ಬೀಸಿದತ್ತ ತೇಲುವುದು ಯಾರಿಗೂ ಅರ್ಥವಾಗುತ್ತದೆ. ಗಾಳಿಗೆ ಎದುರಾಗಿ ಹೋಗುವುದು ಹೇಗೆ? ನೇರ ಎದುರಿಗೆ ಯಾವ ಹಾಯಿಯೂ ಹೋಗದು. ಆದರೆ ಗಾಳಿಯ ದಿಕ್ಕಿಗೆ ಸುಮಾರು 45 ಡಿಗ್ರಿ ಓರೆಯಾಗಿ ಸಾಗಬಹುದು. ಉಬ್ಬಿದ ಹಾಯಿ ವಿಮಾನದ ರೆಕ್ಕೆಯಂತೆ ಗಾಳಿಯನ್ನು ಬಾಗಿಸಿ ಕಳಿಸುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ಗಾಳಿ ಹಾಯಿಯನ್ನು ತಳ್ಳುತ್ತದೆ. ಈ ಬಲದ ಹೆಚ್ಚು ಪಾಲು ದೋಣಿಯನ್ನು ಪಕ್ಕಕ್ಕೆ ನೂಕುವಂಥದು. ಅದನ್ನು ತಡೆಯಲು ದೋಣಿಯ ನಡುವೆ ನೀರಿಗೆ ಇಳಿಬಿಟ್ಟ ಹಲಗೆಯಿದೆ. ಪಕ್ಕಕ್ಕೆ ಜಾರಲಾಗದ ದೋಣಿ ಉಳಿದ ಬಲದಿಂದ ಮುಂದೆ ಸಾಗುತ್ತದೆ. ಒಮ್ಮೆ ಎಡಕ್ಕೆ ಓರೆ, ಒಮ್ಮೆ ಬಲಕ್ಕೆ ಓರೆ: ಘಾಟಿಯ ರಸ್ತೆಯಂತೆ ತಿರುವು ತಿರುವಾಗಿ ಎದುರು ದಡ ಮುಟ್ಟುತ್ತದೆ.

ಲೆಕ್ಕ ಇಷ್ಟಪಡುವ ಮಕ್ಕಳಿಗೆ ಇನ್ನೊಂದು. ಗಾಳಿಯ ವೇಗ ಸೆಕೆಂಡಿಗೆ 5 ಮೀಟರ್ ಇದ್ದಾಗ ಚದರ ಮೀಟರಿಗೆ ಸುಮಾರು 15 ನ್ಯೂಟನ್ ಒತ್ತಡ. 10 ಚದರ ಮೀಟರ್ ಹಾಯಿಗೆ 150 ನ್ಯೂಟನ್. ಅಂದರೆ ಸುಮಾರು 15 ಕಿಲೊ ತೂಕದಷ್ಟು. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು, 60 ಕಿಲೊ! ಸ್ಥೂಲವಾದ ಲೆಕ್ಕವೇ ಇದು, ಆದರೂ ಬಿರುಗಾಳಿಗೆ ದೋಣಿ ಏಕೆ ಥಟ್ಟನೆ ವಾಲುತ್ತದೆಂದು ತಿಳಿಯಲು ಸಾಕು. ಆಗ ಸವಾರರು ಅಂಚಿನ ಮೇಲೆ ಕುಳಿತು, ಬೆನ್ನನ್ನು ನೀರಿನ ಮೇಲೆ ಹೊರಚಾಚಿ ತೂಗಿಸುತ್ತಾರೆ. ತಕ್ಕಡಿಯ ಪಾಠವನ್ನು ಮೈಯಿಂದಲೇ ಕಲಿಯುವುದೆಂದರೆ ಇದು.

ತಂದೆ-ತಾಯಿಗಳ ಮೊದಲ ಪ್ರಶ್ನೆ ಒಂದೇ: ಮಗುಚಿಕೊಂಡರೆ? ಮಗುಚಿಕೊಂಡೇ ಕೊಳ್ಳುತ್ತದೆ. ಅದಕ್ಕಾಗಿಯೇ ಮೊದಲ ಪಾಠಗಳಲ್ಲಿ ದೋಣಿಯನ್ನು ಬೇಕೆಂದೇ ಮಗುಚಿಹಾಕಿಸುತ್ತಾರೆ. ದೋಣಿಯೊಳಗೆ ಗಾಳಿ ತುಂಬಿದ ಅಂಕಣ ಅಥವಾ ಚೀಲಗಳಿರುವುದರಿಂದ ಅದು ಮುಳುಗದು. ಮೈಮೇಲೆ ಲೈಫ್ ಜಾಕೆಟ್ ಇರುವುದರಿಂದ ಮಗುವೂ ಮುಳುಗದು. ಈಜಿ ಬಂದು ನಡುಹಲಗೆಯ ಮೇಲೆ ಭಾರ ಹಾಕಿದರೆ ದೋಣಿ ತಾನೇ ಎದ್ದು ನಿಲ್ಲುತ್ತದೆ. ಈಜು ಕಲಿಯದೆ, ಜಾಕೆಟ್ ಇಲ್ಲದೆ, ಕಾವಲಿನ ದೋಣಿಯಿಲ್ಲದೆ ಯಾವ ಮಗುವೂ ನೀರಿಗಿಳಿಯಕೂಡದು. ಕೆರೆ, ಕ್ವಾರಿ ಹೊಂಡಗಳಲ್ಲಿ ರಜೆಯ ದಿನ ಈಜಲು ಹೋಗಿ ಪ್ರಾಣ ಕಳೆದುಕೊಂಡ ಹುಡುಗರ ಸುದ್ದಿ ಓದಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತರ ಮಗಳು ನೇಹಾ ಠಾಕೂರ್ ಇಂಥ ಪಾಠಗಳನ್ನು ಕಲಿತದ್ದು ಭೋಪಾಲದ ದೊಡ್ಡ ಕೆರೆಯಲ್ಲಿ, ಅಲ್ಲಿನ ರಾಷ್ಟ್ರೀಯ ಸೇಲಿಂಗ್ ಶಾಲೆಯಲ್ಲಿ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬಾಲಕಿಯರ ಡಿಂಗಿ ಸ್ಪರ್ಧೆಯ ಬೆಳ್ಳಿ ಆಕೆಗೆ ಬಂತು. ಭೋಪಾಲದಿಂದ ಸಮುದ್ರ ನೂರಾರು ಕಿಲೊಮೀಟರ್ ದೂರ!

ಹಾಗಾದರೆ ಚಿಕ್ಕಬಾಣಾವರದ ಕೆರೆಗೆ ಏನಾಗಿದೆ? ಗಾಳಿಯ ಕೊರತೆಯಿಲ್ಲ. ಆಪ್ಟಿಮಿಸ್ಟ್ ದೋಣಿಗೆ ಬೇಕಾದ ಆಳ ಒಂದು ಮೀಟರಿನೊಳಗೆ. ಕೊರತೆಯಿರುವುದು ನೀರಿನಲ್ಲಿ. ಬಡಾವಣೆಗಳ ಕೊಳಚೆ ಕೆರೆಗೆ ಹರಿದಾಗ ಅದರಲ್ಲಿನ ಸಾರಜನಕ, ರಂಜಕಗಳನ್ನುಂಡು ಅಂತರಗಂಗೆ ಕೊಬ್ಬುತ್ತದೆ. ಕೊಳೆಯುವ ಕಸ ನೀರಿನ ಆಮ್ಲಜನಕವನ್ನು ಹೀರುತ್ತದೆ. ಹಲಸೂರು ಕೆರೆಯೂ ಈ ಕಾಟದಿಂದ ಪಾರಾಗಿಲ್ಲ. 2016ರ ಮಾರ್ಚಿಯಲ್ಲಿ ಅಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದನ್ನು ಬೆಂಗಳೂರಿಗರು ಮರೆತಿರಲಾರರು. 1894ರ ಹೆಸರಘಟ್ಟ ಜಲಾಶಯದ ನೀರನ್ನು ಇದೇ ಸೀಮೆಯ ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳಿಂದ ಎತ್ತಿ ನಗರಕ್ಕೆ ಕುಡಿಯಲು ಕಳಿಸುತ್ತಿದ್ದ ಕಾಲವೊಂದಿತ್ತು.

ಹಾಯಿದೋಣಿ ಕಲಿಯುವ ಮಗು ಮೊದಲ ವಾರದಲ್ಲೇ ಹತ್ತಾರು ಬಾರಿ ನೀರಿಗೆ ಬೀಳುತ್ತದೆ, ಒಂದೆರಡು ಗುಟುಕು ನೀರನ್ನು ಕುಡಿದೇ ಕುಡಿಯುತ್ತದೆ. ಚಿಕ್ಕಬಾಣಾವರದ ಏರಿಯ ಮೇಲೆ ನಿಂತ ತಾಯಿ, ಪಟದ ದಾರ ತುಂಡಾಗಿ ಕೆರೆಗೆ ಬಿದ್ದದ್ದನ್ನು ತರಲು ಹೊರಟ ಮಗನನ್ನು ಈಗಲೂ ಮೊಣಕಾಲು ನೀರಿಗೂ ಇಳಿಯಗೊಡುವುದಿಲ್ಲ. ಆಳದ ಹೆದರಿಕೆಗಲ್ಲ, ಚರ್ಮರೋಗದ ಹೆದರಿಕೆಗೆ.